ಡೌನ್‌ಲೋಡ್ ಮಾಡಿದ ಫೈಲು ಅಸಲಿಯೇ? ಹ್ಯಾಶ್ ತಾಳೆ ನೋಡುವುದು ಹೀಗೆ

ಸಾಫ್ಟ್‌ವೇರ್ ಡೌನ್‌ಲೋಡ್ ಮಾಡುವ ಪುಟದಲ್ಲಿ ಫೈಲಿನ ಪಕ್ಕ ಒಂದು ಉದ್ದ ಸಾಲು ಇರುತ್ತದೆ. ಅಂಕಿ, ಅಕ್ಷರ ಎಲ್ಲ ಕಲಸಿ ಹಾಕಿದ ಸಾಲು. ‘ಅದೇನು? ಅದನ್ನಿಟ್ಟುಕೊಂಡು ನಾನೇನು ಮಾಡಬೇಕು?’ ಅಂತ ಕೇಳುವವರು ತುಂಬಾ ಜನ. ‘ತಾಳೆ ನೋಡಿದೆ, ಹೊಂದಲಿಲ್ಲ, ವೈರಸ್ ಬಂತಾ?’ ಅಂತ ಗಾಬರಿಯಿಂದ ಕೇಳುವವರೂ ಇದ್ದಾರೆ. ಇಬ್ಬರಿಗೂ ಉತ್ತರ ಇಲ್ಲಿದೆ. ಒಮ್ಮೆ ಕೈ ಪಳಗಿದರೆ ಇದು ಎರಡು ನಿಮಿಷದ ಕೆಲಸ.

ಉದಾಹರಣೆಗೆ ಉಬುಂಟು ಲಿನಕ್ಸ್‌ನ ಐಎಸ್‌ಒ ಫೈಲನ್ನು ಇಟ್ಟುಕೊಳ್ಳೋಣ. ಐಎಸ್‌ಒ ಅಂದರೆ ಇಡೀ ಆಪರೇಟಿಂಗ್ ಸಿಸ್ಟಮನ್ನು ಒಂದೇ ಫೈಲಿನಲ್ಲಿ ತುಂಬಿಟ್ಟ ಗಂಟು. ಇದನ್ನೇ ಪೆನ್‌ಡ್ರೈವ್‌ಗೆ ಬರೆದು ಇನ್‌ಸ್ಟಾಲ್ ಮಾಡುತ್ತೇವೆ. ಇಡೀ ಕಂಪ್ಯೂಟರ್ ಅದರ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಪರೀಕ್ಷೆ ಮಾಡದೆ ಹಾಕಬಾರದ ಫೈಲು ಅಂತ ಇದ್ದರೆ ಅದು ಇದೇ. ಬೇರೆ ಸಾಫ್ಟ್‌ವೇರ್‌ಗೂ ವಿಧಾನ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ‘ಶಾ’ ಅಂತ ಇರುವಲ್ಲೆಲ್ಲ ಎಸ್, ಎಚ್, ಎ ಎಂಬ ಮೂರು ಅಕ್ಷರ. ‘ಸಮ್’ ಅಂದರೆ ಎಸ್, ಯು, ಎಂ.

ಹ್ಯಾಶ್ ಅಂದರೇನು?

ಫೈಲಿನ ಬೆರಳಚ್ಚು ಅಂದುಕೊಳ್ಳಿ. ಫೈಲು ಎಷ್ಟೇ ದೊಡ್ಡದಿರಲಿ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಲೆಕ್ಕ ಹಾಕಿ, ಒಂದೇ ಉದ್ದದ ಸಾಲನ್ನು ಕೊಡುವ ವಿಧಾನವಿದೆ. ಆ ಸಾಲೇ ಹ್ಯಾಶ್. ಕೆಲವು ಪುಟಗಳಲ್ಲಿ ಚೆಕ್‌ಸಮ್ ಅಂತ ಬರೆದಿರುತ್ತಾರೆ. ಈ ಕೆಲಸಕ್ಕೆ ಎರಡೂ ಒಂದೇ ಅಂತ ತಿಳಿಯಿರಿ. ಸಾಲಿನಲ್ಲಿ 0ಯಿಂದ 9ರವರೆಗಿನ ಅಂಕಿ ಮತ್ತು ಎಯಿಂದ ಎಫ್‌ವರೆಗಿನ ಅಕ್ಷರ ಬಿಟ್ಟು ಬೇರೇನೂ ಇರುವುದಿಲ್ಲ.

ಇದರ ಗುಣ ಗೊತ್ತಾಗಬೇಕಾದರೆ ಒಂದು ಚಿಕ್ಕ ಪ್ರಯೋಗ ನೋಡಿ. ‘ಹಲೋ’ ಎಂಬ ಪದವನ್ನು ಇಂಗ್ಲಿಷ್‌ನ ಚಿಕ್ಕ ಅಕ್ಷರಗಳಲ್ಲಿ ಬರೆದು ಶಾ-256 ಎಂಬ ಬಗೆಯ ಹ್ಯಾಶ್ ತೆಗೆದರೆ ಅದು 2ಸಿಎಫ್24ಡಿಬಿಎ ಅಂತ ಶುರುವಾಗುತ್ತದೆ. ಮೊದಲ ಅಕ್ಷರವನ್ನು ಮಾತ್ರ ಕ್ಯಾಪಿಟಲ್ ಮಾಡಿ. ಈಗ 185ಎಫ್8ಡಿಬಿ3 ಅಂತ ಶುರುವಾಗುತ್ತದೆ. ಮುಂದಿನ ಸಾಲಿಗೂ ಹಳೆಯದಕ್ಕೂ ಯಾವ ಹೋಲಿಕೆಯೂ ಇಲ್ಲ. ಇನ್ನು ಚಿಕ್ಕ ಅಕ್ಷರದ ಪದವನ್ನೇ ಇಟ್ಟುಕೊಂಡು, ಕೊನೆಯಲ್ಲಿ ಸುಮ್ನೆ ಒಂದು ಎಂಟರ್ ಒತ್ತಿ ಉಳಿಸಿದರೆ ಲಿನಕ್ಸ್‌ನಲ್ಲಿ 5891ಬಿ5ಬಿ5 ಅಂತ ಶುರುವಾಗುವ ಮೂರನೇ ಹ್ಯಾಶ್ ಬರುತ್ತದೆ. ಕಣ್ಣಿಗೆ ಕಾಣದ ಎಂಟರ್ ಕೂಡ ಲೆಕ್ಕಕ್ಕೆ ಬರುತ್ತದೆ. 6 ಜಿಬಿ ಫೈಲಿನಲ್ಲಿ ಒಂದೇ ಒಂದು ಬಿಟ್ ಆಚೀಚೆಯಾದರೂ ಹೀಗೆಯೇ.

ಹ್ಯಾಶ್‌ನಲ್ಲಿ ಹಲವು ಬಗೆ ಇವೆ. ಸಾಲಿನ ಉದ್ದ ಎಣಿಸಿದರೆ ಯಾವುದು ಅಂತ ಗೊತ್ತಾಗುತ್ತದೆ. 32 ಅಕ್ಷರ ಇದ್ದರೆ ಎಂಡಿ5. 40 ಇದ್ದರೆ ಶಾ-1. 64 ಇದ್ದರೆ ಶಾ-256. 128 ಇದ್ದರೆ ಶಾ-512. ಎಂಡಿ5 ಮತ್ತು ಶಾ-1 ಈಗ ನಂಬಿಕೆಗೆ ಅರ್ಹವಲ್ಲ. ಬೇರೆ ಬೇರೆ ಎರಡು ಫೈಲುಗಳಿಗೆ ಒಂದೇ ಎಂಡಿ5 ಬರುವ ಹಾಗೆ ಮಾಡಬಹುದು ಅಂತ 2004ರಲ್ಲೇ ಚೀನಾದ ಸಂಶೋಧಕರು ತೋರಿಸಿದರು. 2017ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯವರು ಒಂದೇ ಶಾ-1 ಹ್ಯಾಶ್ ಇರುವ ಎರಡು ಪಿಡಿಎಫ್‌ಗಳನ್ನು ಜಗತ್ತಿನ ಮುಂದಿಟ್ಟರು. ಡೌನ್‌ಲೋಡ್ ಅರ್ಧಕ್ಕೆ ನಿಂತಿದೆಯಾ ಅಂತ ನೋಡಲು ಇವು ಈಗಲೂ ಸಾಕು. ಯಾರಾದರೂ ಬೇಕಂತಲೇ ಕೈ ಆಡಿಸಿದ್ದಾರಾ ಅಂತ ನೋಡಲು ಸಾಲದು. ಪುಟದಲ್ಲಿ ಎರಡು ಮೂರು ಬಗೆ ಕೊಟ್ಟಿದ್ದರೆ ಶಾ-256 ಅಥವಾ ಶಾ-512 ಆರಿಸಿಕೊಳ್ಳಿ.

ಏನೇನು ಬೇಕು?

ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಹ್ಯಾಶ್ ತೆಗೆಯುವ ಸೌಲಭ್ಯ ಮೊದಲೇ ಇದೆ. ನಿಮಗೆ ಬೇಕಾದ್ದು ಪೂರ್ತಿ ಇಳಿದ ಫೈಲು ಮತ್ತು ಆ ಸಾಫ್ಟ್‌ವೇರ್ ಮಾಡಿದವರು ಪ್ರಕಟಿಸಿದ ಹ್ಯಾಶ್. ನಾಲ್ಕನೇ ಹಂತಕ್ಕೆ ಮಾತ್ರ ಡಿಜಿಟಲ್ ಸಹಿ ಪರೀಕ್ಷಿಸುವ ಜಿಪಿಜಿ ಎಂಬ ಪ್ರೋಗ್ರಾಂ ಬೇಕು. ಉಬುಂಟು, ಮಿಂಟ್, ಡೆಬಿಯನ್ ಎಂಬ ಲಿನಕ್ಸ್ ಬಗೆಗಳನ್ನು ಬಳಸುವವರಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಹಂತ 1: ಅಸಲಿ ಹ್ಯಾಶ್ ಎಲ್ಲಿಂದ ತರಬೇಕು?

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ. ಹೆಚ್ಚಿನವರು ಎಡವುವುದೂ ಇಲ್ಲೇ.

ಹ್ಯಾಶ್ ಹೊಂದಿತು ಅಂದರೆ ಅರ್ಥ ಇಷ್ಟೇ: ನಿಮ್ಮ ಫೈಲು, ಆ ಹ್ಯಾಶ್ ಬರೆದವರ ಕೈಯಲ್ಲಿದ್ದ ಫೈಲು, ಎರಡೂ ಒಂದೇ. ಬರೆದವರು ಯಾರು ಅಂತ ಹ್ಯಾಶ್ ಹೇಳುವುದಿಲ್ಲ. ಯಾವುದೋ ‘ಫ್ರೀ ಡೌನ್‌ಲೋಡ್’ ತಾಣದಿಂದ ಫೈಲನ್ನೂ ತಂದು, ಹ್ಯಾಶನ್ನೂ ಅಲ್ಲಿಂದಲೇ ತಂದು ತಾಳೆ ನೋಡಿದರೆ ಏನು ಪ್ರಯೋಜನ? ಸಾಮಾನೂ ಅವನದೇ, ತಕ್ಕಡಿಯೂ ಅವನದೇ. ತೂಕ ಸರಿಯಾಗಿಯೇ ಬರುತ್ತದೆ.

2016ರ ಫೆಬ್ರುವರಿ 20ರಂದು ನಡೆದದ್ದು ನೆನಪಿಡಿ. ಲಿನಕ್ಸ್ ಮಿಂಟ್ ತಾಣಕ್ಕೆ ಕಳ್ಳರು ನುಗ್ಗಿದರು. ಮಿಂಟ್ 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಬದಲಿಸಿ, ಬಲ್ಗೇರಿಯಾದ ಒಂದು ಸರ್ವರ್‌ಗೆ ತಿರುಗಿಸಿದರು. ಅಲ್ಲಿದ್ದ ಐಎಸ್‌ಒ ಒಳಗೆ ಹಿಂಬಾಗಿಲು ಇತ್ತು. ಅಂದರೆ ಹೊರಗಿನವರು ಗುಟ್ಟಾಗಿ ನಿಮ್ಮ ಕಂಪ್ಯೂಟರ್ ಒಳಗೆ ಬರುವ ದಾರಿ. ಅಧಿಕೃತ ತಾಣದಿಂದಲೇ ತಂದಿದ್ದೇವೆ ಅಂತ ನಂಬಿದವರಿಗೂ ನಕಲಿ ಸಿಕ್ಕಿತು. ಲಿಂಕ್ ಬದಲಿಸುವಷ್ಟು ಹಿಡಿತ ಸಿಕ್ಕವರಿಗೆ ಪಕ್ಕದ ಹ್ಯಾಶ್ ಬದಲಿಸುವುದು ಎಷ್ಟು ಹೊತ್ತಿನ ಕೆಲಸ, ಅಲ್ವಾ?

ಇನ್ನೊಂದು ಘಟನೆ 2017ರ ಮೇ ತಿಂಗಳದ್ದು. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನ ಒಂದು ಮಿರರ್ ಸರ್ವರ್ ಕಳ್ಳರ ಕೈಗೆ ಸಿಕ್ಕಿತು. ಮಿರರ್ ಅಂದರೆ ಅದೇ ಫೈಲುಗಳ ನಕಲನ್ನು ಇಟ್ಟುಕೊಂಡು ಹಂಚುವ ಬೇರೆ ಸರ್ವರ್. ಮೇ 2ರಿಂದ 6ರವರೆಗೆ ಮ್ಯಾಕ್‌ಗಾಗಿ 1.0.7 ಆವೃತ್ತಿ ಇಳಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಪ್ರೋಟಾನ್ ಎಂಬ ಕುತಂತ್ರಾಂಶ ಸಿಕ್ಕಿರುವ ಸಾಧ್ಯತೆ ಇತ್ತು. ಇಲ್ಲಿ ಕೆಟ್ಟದ್ದು ಮಿರರ್ ಮಾತ್ರ. ಹ್ಯಾಶ್ ಬೇರೆ ಜಾಗದಲ್ಲಿತ್ತು. ತಾಳೆ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹಾಗಾಗಿ ನಿಯಮ ಹೀಗಿರಲಿ. ಫೈಲನ್ನು ಮಿರರ್‌ನಿಂದ ತನ್ನಿ, ಟೊರೆಂಟ್‌ನಿಂದ ತನ್ನಿ, ಗೆಳೆಯರ ಪೆನ್‌ಡ್ರೈವ್‌ನಿಂದ ಬೇಕಾದರೂ ತನ್ನಿ. ಹ್ಯಾಶನ್ನು ಮಾತ್ರ ಸಾಫ್ಟ್‌ವೇರ್ ಮಾಡಿದವರ ಸ್ವಂತ ತಾಣದಿಂದಲೇ ತನ್ನಿ. ವಿಳಾಸ ಎಚ್‌ಟಿಟಿಪಿಎಸ್ ಇದೆಯಾ ನೋಡಿ. ಸರ್ಚ್‌ನಲ್ಲಿ ಮೊದಲು ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ. ಉಬುಂಟುವಿನ ರಿಲೀಸ್ ತಾಣದಲ್ಲಿ ಪ್ರತಿ ಆವೃತ್ತಿಯ ಫೋಲ್ಡರ್‌ನಲ್ಲೂ ‘ಶಾ256ಸಮ್ಸ್’ ಎಂಬ ಫೈಲು ಇರುತ್ತದೆ. ಹೆಸರು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದೆ. ಅದರ ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ ಜಿಪಿಜಿ ಅಂತ ಇರುವ ಇನ್ನೊಂದು ಫೈಲು ಇದೆ. ಎರಡನ್ನೂ ಇಳಿಸಿಕೊಂಡು ಐಎಸ್‌ಒ ಇರುವ ಫೋಲ್ಡರ್‌ನಲ್ಲೇ ಇಡಿ. ಎರಡನೆಯದು ನಾಲ್ಕನೇ ಹಂತಕ್ಕೆ ಬೇಕು.

ಹಂತ 2: ನಿಮ್ಮ ಫೈಲಿನ ಹ್ಯಾಶ್ ತೆಗೆಯಿರಿ

ವಿಂಡೋಸ್‌ನಲ್ಲಿ: ಫೈಲು ಇರುವ ಫೋಲ್ಡರ್ ತೆರೆಯಿರಿ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಓಪನ್ ಇನ್ ಟರ್ಮಿನಲ್’ ಒತ್ತಿ. ವಿಂಡೋಸ್ 10ರಲ್ಲಿ ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಪವರ್‌ಶೆಲ್ ತೆರೆಯುವ ಆಯ್ಕೆ ಬರುತ್ತದೆ. ಅಲ್ಲಿ ಹೀಗೆ ಬರೆಯಿರಿ:

ಗೆಟ್-ಫೈಲ್‌ಹ್ಯಾಶ್ ಉಬುಂಟು.ಐಎಸ್‌ಒ

ಉಬುಂಟು.ಐಎಸ್‌ಒ ಇರುವಲ್ಲಿ ನಿಮ್ಮ ಫೈಲಿನ ನಿಜವಾದ ಹೆಸರು ಬರಬೇಕು. ಮೊದಲ ನಾಲ್ಕು ಅಕ್ಷರ ಬರೆದು ಟ್ಯಾಬ್ ಒತ್ತಿ, ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಬೇರೇನೂ ಹೇಳದಿದ್ದರೆ ಈ ಕಮಾಂಡ್ ಶಾ-256 ಕೊಡುತ್ತದೆ. ಹಳೆಯ ಕಮಾಂಡ್ ಪ್ರಾಂಪ್ಟ್ ಬಳಸುವವರು ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’ ಬರೆದು, ಫೈಲಿನ ಹೆಸರು ಕೊಟ್ಟು, ಕೊನೆಗೆ ‘ಶಾ256’ ಅಂತ ಸೇರಿಸಲೇಬೇಕು. ಆ ಕೊನೆಯ ಪದ ಮರೆತರೆ ಅದು ಶಾ-1 ಕೊಡುತ್ತದೆ. ‘ಹೊಂದಲಿಲ್ಲ’ ಅಂತ ಗಾಬರಿಯಾಗುವವರಲ್ಲಿ ಎಷ್ಟೋ ಜನರ ಕಥೆ ಇದೇ. ಸಾಲು 40 ಅಕ್ಷರ ಇದೆಯಾ, 64 ಇದೆಯಾ ಅಂತ ಮೊದಲು ನೋಡಿ.

ಕಮಾಂಡ್ ಬೇಡವೇ ಬೇಡ ಅನ್ನುವವರು 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಿಆರ್‌ಸಿ ಶಾ’ ಮೆನುವಿನಿಂದ ಶಾ-256 ಆರಿಸಿ.

ಮ್ಯಾಕ್‌ನಲ್ಲಿ: ಟರ್ಮಿನಲ್ ತೆರೆದು ‘ಶಾಸಮ್ -ಎ 256’ ಬರೆದು, ಒಂದು ಸ್ಪೇಸ್ ಬಿಟ್ಟು, ಫೈಲನ್ನು ಎಳೆದು ಟರ್ಮಿನಲ್ ಮೇಲೆ ಹಾಕಿ. ದಾರಿ ತಾನೇ ಬರುತ್ತದೆ. ಎಂಟರ್ ಒತ್ತಿ. ಇಲ್ಲೂ ‘-ಎ 256’ ಬಿಟ್ಟರೆ ಶಾ-1 ಬರುತ್ತದೆ.

ಲಿನಕ್ಸ್‌ನಲ್ಲಿ:

ಶಾ256ಸಮ್ ಉಬುಂಟು.ಐಎಸ್‌ಒ

ಹಳೆಯ ಹಾರ್ಡ್ ಡಿಸ್ಕ್ ಆದರೆ 6 ಜಿಬಿ ಫೈಲಿಗೆ ಒಂದೆರಡು ನಿಮಿಷ ಹಿಡಿಯಬಹುದು. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕೆಟ್ಟು ನಿಂತಿದೆ ಅಂದುಕೊಂಡು ಮುಚ್ಚಬೇಡಿ, ಕಾಯಿರಿ.

ಹಂತ 3: ತಾಳೆ ನೋಡಿ

64 ಅಕ್ಷರವನ್ನೂ ನೋಡಬೇಕು. ‘ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿದೆ, ಸರಿ ಇದೆ’ ಅನ್ನುವುದು ತುಂಬಾ ಜನರ ಅಭ್ಯಾಸ. ದಯವಿಟ್ಟು ಬಿಡಿ. ಎಂಟು ಅಕ್ಷರ ಹೊಂದಿಸಬೇಕಾದರೆ ಸರಾಸರಿ ಸುಮಾರು 430 ಕೋಟಿ ಸಲ ಪ್ರಯತ್ನಿಸಬೇಕು. ಕೇಳಲು ದೊಡ್ಡದು. ಇವತ್ತಿನ ಕಂಪ್ಯೂಟರ್‌ಗೆ ಅದೇನೂ ದೊಡ್ಡದಲ್ಲ. ನಿಮ್ಮ ಕಣ್ಣಿಗೆ ಮೋಸ ಮಾಡಬೇಕು ಅಂತ ಹೊರಟವರು ಅಷ್ಟು ಕಷ್ಟಪಡಬಲ್ಲರು. 64 ಅಕ್ಷರವನ್ನೂ ಹೊಂದಿಸಲು ಯಾರಿಂದಲೂ ಆಗಿಲ್ಲ.

ಕಣ್ಣಿಗಿಂತ ಕಂಪ್ಯೂಟರ್‌ನಿಂದಲೇ ತಾಳೆ ನೋಡಿಸುವುದು ಒಳ್ಳೆಯದು. ಸುಲಭದ ದಾರಿ ಇದು: ನಿಮಗೆ ಬಂದ ಹ್ಯಾಶನ್ನು ಕಾಪಿ ಮಾಡಿ. ಬ್ರೌಸರ್‌ನಲ್ಲಿ ಹ್ಯಾಶ್ ಇರುವ ಪುಟ ತೆರೆದು, ಕಂಟ್ರೋಲ್ ಎಫ್ ಒತ್ತಿ, ಪೇಸ್ಟ್ ಮಾಡಿ. ನಿಮ್ಮ ಫೈಲಿನ ಹೆಸರಿರುವ ಸಾಲಿನಲ್ಲೇ ಅದು ಸಿಕ್ಕರೆ ಹೊಂದಿತು. ಸಾಲು ಯಾವುದು ಅಂತ ಗಮನಿಸಿ. ಡೆಸ್ಕ್‌ಟಾಪ್ ಮತ್ತು ಸರ್ವರ್ ಆವೃತ್ತಿಗಳ ಹ್ಯಾಶ್ ಒಂದರ ಕೆಳಗೆ ಒಂದು ಇರುತ್ತವೆ. ಪವರ್‌ಶೆಲ್ ಕ್ಯಾಪಿಟಲ್ ಅಕ್ಷರ ಕೊಡುತ್ತದೆ, ಪುಟದಲ್ಲಿ ಚಿಕ್ಕ ಅಕ್ಷರ ಇರುತ್ತದೆ. ಅದರಿಂದ ತೊಂದರೆ ಇಲ್ಲ. ಎರಡೂ ಒಂದೇ ಬೆಲೆ.

ಲಿನಕ್ಸ್‌ನವರಿಗೆ ಇನ್ನೂ ಸುಲಭ. ಐಎಸ್‌ಒ ಮತ್ತು ಶಾ256ಸಮ್ಸ್ ಒಂದೇ ಫೋಲ್ಡರ್‌ನಲ್ಲಿದ್ದರೆ ಹೀಗೆ ಬರೆಯಿರಿ:

ಶಾ256ಸಮ್ -ಸಿ ಶಾ256ಸಮ್ಸ್ --ಇಗ್ನೋರ್-ಮಿಸ್ಸಿಂಗ್

ಮೊದಲನೆಯದು ಕಮಾಂಡ್, ಚಿಕ್ಕ ಅಕ್ಷರ. ಎರಡನೆಯದು ಫೈಲಿನ ಹೆಸರು, ಕ್ಯಾಪಿಟಲ್. ಲಿನಕ್ಸ್ ಈ ವ್ಯತ್ಯಾಸವನ್ನು ಬಿಡುವುದಿಲ್ಲ. ಫೈಲಿನ ಹೆಸರಿನ ಮುಂದೆ ‘ಓಕೆ’ ಬಂದರೆ ಹೊಂದಿತು. ‘ಫೇಲ್ಡ್’ ಬಂದರೆ ಇಲ್ಲ. ಕೊನೆಯ ಪದವನ್ನು ಬಿಟ್ಟರೆ, ಪಟ್ಟಿಯಲ್ಲಿದ್ದೂ ನೀವು ಇಳಿಸಿಕೊಳ್ಳದ ಫೈಲುಗಳಿಗೆಲ್ಲ ‘ನೋ ಸಚ್ ಫೈಲ್’ ಅಂತ ದೂರು ಬರುತ್ತದೆ. ನೀವು ಐಎಸ್‌ಒ ಹೆಸರು ಬದಲಿಸಿದ್ದರೆ, ಅಥವಾ ಎರಡನೇ ಸಲ ಇಳಿಸಿ ಹೆಸರಿಗೆ (1) ಸೇರಿಕೊಂಡಿದ್ದರೆ, ಈ ಕಮಾಂಡ್‌ಗೆ ಫೈಲು ಸಿಗುವುದಿಲ್ಲ. ಮೂಲ ಹೆಸರನ್ನೇ ಇಡಿ.

ಹಂತ 4: ಸಹಿ ಪರೀಕ್ಷಿಸಿ

ಮಿಂಟ್‌ಗೆ ಆದಂಥ ದಾಳಿಯಿಂದ ಕಾಪಾಡುವುದು ಈ ಹಂತ. ಹ್ಯಾಶ್ ಪಟ್ಟಿಗೆ ಸಾಫ್ಟ್‌ವೇರ್ ಮಾಡಿದವರು ಡಿಜಿಟಲ್ ಸಹಿ ಹಾಕಿರುತ್ತಾರೆ. ಸಹಿ ಹಾಕುವ ಗುಟ್ಟಿನ ಕೀ ಅವರ ಬಳಿ ಮಾತ್ರ. ಸಹಿ ಸರಿಯೇ ಅಂತ ನೋಡುವ ಬಹಿರಂಗ ಕೀ ಎಲ್ಲರಿಗೂ ಸಿಗುತ್ತದೆ. ತಾಣಕ್ಕೆ ನುಗ್ಗಿದವರು ಹ್ಯಾಶ್ ಬದಲಿಸಬಹುದು, ಆದರೆ ಗುಟ್ಟಿನ ಕೀ ಇಲ್ಲದೆ ಸಹಿ ಹಾಕಲಾರರು.

ಜಿಪಿಜಿ --ವೆರಿಫೈ ಶಾ256ಸಮ್ಸ್.ಜಿಪಿಜಿ ಶಾ256ಸಮ್ಸ್

ಸಹಿಯ ಫೈಲು ಮೊದಲು, ಪಟ್ಟಿ ಆಮೇಲೆ. ಮೊದಲ ಸಲ ‘ನೋ ಪಬ್ಲಿಕ್ ಕೀ’ ಅಂತ ಬರಬಹುದು. ಬಹಿರಂಗ ಕೀ ನಿಮ್ಮಲ್ಲಿಲ್ಲ ಅಂತ ಅರ್ಥ. ಅದನ್ನು ತರುವ ಕಮಾಂಡ್ ಉಬುಂಟುವಿನ ಅಧಿಕೃತ ಕಲಿಕೆ ಪುಟದಲ್ಲಿದೆ, ಅಲ್ಲಿಂದಲೇ ಕಾಪಿ ಮಾಡಿಕೊಳ್ಳಿ. ಕೀ ಬಂದ ಮೇಲೆ ಅದರ ಫಿಂಗರ್‌ಪ್ರಿಂಟ್, ಅಂದರೆ 40 ಅಕ್ಷರದ ಗುರುತು, ತಾಳೆ ನೋಡಿ. ಉಬುಂಟು ಐಎಸ್‌ಒಗಳಿಗೆ ಸಹಿ ಹಾಕುವ 2012ರ ಕೀಯ ಗುರುತು ಡಿ94ಎ ಎ3ಎಫ್0 ಇಎಫ್‌ಇ2 1092 ಅಂತ ಮುಗಿಯುತ್ತದೆ. ಪೂರ್ತಿ 40 ಅಕ್ಷರವನ್ನು ಅಧಿಕೃತ ಪುಟದ ಜೊತೆ ಹೋಲಿಸಿ. ಕೀ ಸರ್ವರ್ ಅಂದರೆ ಬಹಿರಂಗ ಕೀಗಳನ್ನು ಇಟ್ಟು ಹಂಚುವ ಸರ್ವರ್. ಅದಕ್ಕೆ ಯಾರು ಬೇಕಾದರೂ ಯಾರ ಹೆಸರಿನ ಕೀ ಬೇಕಾದರೂ ಹಾಕಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರ ಹೆಸರಿನಲ್ಲೇ, ಕೊನೆಯ ಎಂಟು ಅಕ್ಷರವೂ ಹೊಂದುವ ನಕಲಿ ಕೀ 2016ರಲ್ಲಿ ಕೀ ಸರ್ವರ್‌ಗಳಲ್ಲಿ ಸಿಕ್ಕಿತ್ತು.

‘ಗುಡ್ ಸಿಗ್ನೇಚರ್’ ಅಂತ ಬಂದರೆ ಸಹಿ ಸರಿ. ಅದರ ಕೆಳಗೇ ‘ವಾರ್ನಿಂಗ್’ ಅಂತ ಶುರುವಾಗಿ, ಈ ಕೀಯನ್ನು ನಂಬಿಕಸ್ಥರು ದೃಢಪಡಿಸಿಲ್ಲ ಅನ್ನುವ ಸಾಲು ಬರುತ್ತದೆ. ಇದನ್ನು ನೋಡಿ ಹೆದರಿದವರು ತುಂಬಾ. ‘ಈ ಕೀ ನಿಜವಾಗಿ ಅವರದೇ ಅಂತ ನೀವು ನನಗೆ ಇನ್ನೂ ಹೇಳಿಲ್ಲ’ ಅನ್ನುತ್ತಿದೆ ಜಿಪಿಜಿ, ಅಷ್ಟೆ. ನೀವು 40 ಅಕ್ಷರ ತಾಳೆ ನೋಡಿದ್ದರೆ ಆ ಕೆಲಸ ಆಗಿದೆ. ‘ಬ್ಯಾಡ್ ಸಿಗ್ನೇಚರ್’ ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಪಟ್ಟಿಯನ್ನು ಯಾರೋ ತಿದ್ದಿದ್ದಾರೆ, ಅಥವಾ ನೀವೇ ನೋಟ್‌ಪ್ಯಾಡ್‌ನಲ್ಲಿ ತೆರೆದು ತಿಳಿಯದೆ ಉಳಿಸಿದ್ದೀರಿ. ಪಟ್ಟಿಯನ್ನು ಇನ್ನೊಮ್ಮೆ ಇಳಿಸಿ ನೋಡಿ.

ಉಬುಂಟು, ಮಿಂಟ್, ಡೆಬಿಯನ್‌ನಲ್ಲಿ ಆಪ್ಟ್ ಕಮಾಂಡ್‌ನಿಂದ ಹಾಕಿಕೊಳ್ಳುವ ಪ್ಯಾಕೇಜ್‌ಗಳಿಗೆ ಇಷ್ಟೆಲ್ಲ ಬೇಡ. ಇದೇ ಕೆಲಸವನ್ನು ಆಪ್ಟ್ ತಾನೇ ಮಾಡುತ್ತದೆ. ‘ರಿಲೀಸ್’ ಎಂಬ ಫೈಲಿಗೆ ಸಹಿ ಇರುತ್ತದೆ. ಅದರೊಳಗೆ ಪ್ಯಾಕೇಜ್ ಪಟ್ಟಿಯ ಹ್ಯಾಶ್, ಆ ಪಟ್ಟಿಯೊಳಗೆ ಒಂದೊಂದು ಪ್ಯಾಕೇಜಿನ ಹ್ಯಾಶ್. ಕೊಂಡಿಗೆ ಕೊಂಡಿ ಜೋಡಿಸಿದ ಸರಪಳಿ ಇದು. ಆದರೆ ಯಾವುದೋ ತಾಣದಿಂದ ಡೆಬ್ ಫೈಲು, ಅಂದರೆ ಬಿಡಿ ಪ್ಯಾಕೇಜ್, ಇಳಿಸಿ, ಡಬಲ್ ಕ್ಲಿಕ್ ಮಾಡಿ ಹಾಕಿದರೆ ಈ ಸರಪಳಿ ಇಲ್ಲ. ಆಗ ಪರೀಕ್ಷೆ ನಿಮ್ಮ ಕೈಯಲ್ಲೇ.

ಸಹಿಯೂ ಹೇಳದ ಒಂದು ಸಂಗತಿ ಇದೆ. ಮಾಡಿದವರೇ ಕೆಟ್ಟದ್ದನ್ನು ಸೇರಿಸಿದ್ದರೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2024ರಲ್ಲಿ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್ ಎಂಬ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಾಗೆಯೇ ಆಯಿತು. ಅದನ್ನು ನೋಡಿಕೊಳ್ಳುತ್ತಿದ್ದವರ ಪೈಕಿ ಒಬ್ಬರ ಕಡೆಯಿಂದಲೇ ಹಿಂಬಾಗಿಲು ಬಂತು. ಹ್ಯಾಶ್ ಸರಿ ಇತ್ತು, ಸಹಿಯೂ ಸರಿ ಇತ್ತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಅಂಥದ್ದಕ್ಕೆ ಮದ್ದು ಬೇರೆ: ಸುರಕ್ಷತೆಯ ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳುವುದು.

ಹಂತ 5: ಹೊಂದದಿದ್ದರೆ ಏನು ಮಾಡಬೇಕು?

ಮೊದಲ ಕೆಲಸ, ಆ ಫೈಲನ್ನು ತೆರೆಯಬೇಡಿ, ಇನ್‌ಸ್ಟಾಲ್ ಮಾಡಬೇಡಿ. ಎರಡನೆಯದು, ಗಾಬರಿಯಾಗಬೇಡಿ. ಬಹಳಷ್ಟು ಸಲ ಕಾರಣ ಸಾಧಾರಣವಾದದ್ದೇ ಆಗಿರುತ್ತದೆ.

ಡೌನ್‌ಲೋಡ್ ಪೂರ್ತಿ ಆಗಿದೆಯಾ? ಪುಟದಲ್ಲಿ ಹೇಳಿದ ಗಾತ್ರವನ್ನೂ ನಿಮ್ಮ ಫೈಲಿನ ಗಾತ್ರವನ್ನೂ ಹೋಲಿಸಿ. ನಾನೊಮ್ಮೆ ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತಿದೆ ಅಂತ ಇಡೀ ರಾತ್ರಿ ಪೆನ್‌ಡ್ರೈವ್ ಬದಲಿಸುತ್ತ ಕೂತಿದ್ದೆ. ಬೆಳಿಗ್ಗೆ ನೋಡಿದರೆ ಐಎಸ್‌ಒ ಕೆಲವೇ ಎಂಬಿ ಕಡಿಮೆ ಇತ್ತು. ನಿಮ್ಮ ಶಾ-256 ಹ್ಯಾಶ್ ಇ3ಬಿ0ಸಿ442 ಅಂತ ಶುರುವಾಗಿದ್ದರೆ ಫೈಲು ಪೂರ್ತಿ ಖಾಲಿ. ಏನೂ ಇಲ್ಲದ ಫೈಲಿಗೆ ಯಾವಾಗಲೂ ಬರುವ ಹ್ಯಾಶ್ ಅದು. ಡಿ41ಡಿ8ಸಿಡಿ9 ಅಂತ ಶುರುವಾಗುವ ಎಂಡಿ5 ಕೂಡ ಖಾಲಿ ಫೈಲಿನದ್ದೇ.

ಸರಿಯಾದ ಫೈಲಿನ ಹ್ಯಾಶನ್ನೇ ತೆಗೆದಿರಾ? ಜಿಪ್ ಫೈಲಿನ ಹ್ಯಾಶ್ ಕೊಟ್ಟಿದ್ದರೆ ಜಿಪ್‌ನದ್ದನ್ನೇ ತೆಗೆಯಬೇಕು, ಒಳಗಿನ ಫೈಲಿನದ್ದಲ್ಲ. ಮ್ಯಾಕ್‌ನ ಸಫಾರಿ ಕೆಲವು ಫೈಲುಗಳನ್ನು ಇಳಿಸಿದ ಕೂಡಲೇ ತಾನೇ ಬಿಚ್ಚಿಡುತ್ತದೆ. ಆಗ ಮೂಲ ಜಿಪ್ ಕೈಗೆ ಸಿಗುವುದಿಲ್ಲ. ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯ ಟಿಕ್ ತೆಗೆದು ಮತ್ತೆ ಇಳಿಸಿ.

ಆವೃತ್ತಿ ಒಂದೇನಾ? 24.04.1ರ ಫೈಲಿಗೆ 24.04.2ರ ಹ್ಯಾಶ್ ಹೊಂದುವುದಿಲ್ಲ. ಹೆಸರನ್ನು ಅಕ್ಷರ ಅಕ್ಷರ ಓದಿ.

ಇವೆಲ್ಲ ಸರಿ ಇದ್ದರೆ ಫೈಲನ್ನು ಅಳಿಸಿ, ಬೇರೆ ಮಿರರ್‌ನಿಂದ, ಸಾಧ್ಯವಾದರೆ ಬೇರೆ ನೆಟ್‌ವರ್ಕ್‌ನಿಂದ ಇನ್ನೊಮ್ಮೆ ಇಳಿಸಿ. ಹೊಸದು ಹೊಂದಿದರೆ ಮೊದಲ ಸಲ ದಾರಿಯಲ್ಲೇ ಏನೋ ಕೆಟ್ಟಿತ್ತು ಅಂತ ಅರ್ಥ. ಎರಡು ಸಲ ಇಳಿಸಿದರೂ ಗಾತ್ರ ಸರಿ ಇದ್ದು ಒಂದೇ ತಪ್ಪು ಹ್ಯಾಶ್ ಬರುತ್ತಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಡೌನ್‌ಲೋಡ್ ಕೆಟ್ಟರೆ ಪ್ರತಿ ಸಲ ಬೇರೆ ಬೇರೆ ಹ್ಯಾಶ್ ಬರುವುದೇ ಹೆಚ್ಚು. ಮತ್ತೆ ಮತ್ತೆ ಅದೇ ತಪ್ಪು ಹ್ಯಾಶ್ ಬಂದರೆ ಆ ಸರ್ವರ್‌ನಲ್ಲಿರುವ ಫೈಲೇ ಬೇರೆ.

ಆಗ ಆ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಮಾಡಿದವರ ಭದ್ರತಾ ವಿಳಾಸಕ್ಕೆ ಬರೆಯಿರಿ. ಯಾವ ಲಿಂಕಿನಿಂದ, ಯಾವ ದಿನ, ಎಷ್ಟು ಗಂಟೆಗೆ ಇಳಿಸಿದಿರಿ, ಫೈಲಿನ ಗಾತ್ರ ಎಷ್ಟು, ನಿಮಗೆ ಬಂದ ಪೂರ್ತಿ ಹ್ಯಾಶ್ ಯಾವುದು, ಇಷ್ಟು ಇರಲಿ. ಸರಳ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಸಾಕು. ನಿಮ್ಮ ಹಾಗೆಯೇ ಅದೇ ಲಿಂಕ್ ಒತ್ತಿದ, ಆದರೆ ತಾಳೆ ನೋಡದ ಜನ ಅಲ್ಲಿ ಇನ್ನೂ ಇರುತ್ತಾರೆ.